ಆರನೆಯ ಗಣ

ಪ್ರೌಢಶಾಲೆಗಳ ವೇಳಾಪತ್ರಿಕೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಸಲ್ಲುವ ಗೌರವ ಕನ್ನಡ ರಚನೆಯ ಅವಧಿಗೆ ಎಂದೂ ಸಂದಿಲ್ಲ. ಶನಿವಾರದ ಮುಂಜಾವಿನ ಶಾಲೆ ಬಿಡುವುದಕ್ಕೆ ಮುನ್ನ, ಹಸಿದ ಹೊಟ್ಟೆಯ ಮಕ್ಕಳನ್ನು ಮುಕ್ಕಾಲು ಗಂಟೆ ಹಿಡಿದು ಕೂರಿಸುವ ಉಪಾಯವೆಂಬಂತೆ ಅದು ಹಲವೆಡೆ ನಡೆದುಕೊಂಡು ಬಂದಿದೆ. ಗುರುಗಳು ಹಲಗೆಯ ಮೇಲೆ ಒಂದು ಗಾದೆಯನ್ನೋ ಒಂದು ವಿಷಯವನ್ನೋ ಬರೆಯುವರು. ಮಕ್ಕಳು ಮಾರ್ಗದರ್ಶಿ ಪುಸ್ತಕದಿಂದ ಬಾಯಿಪಾಠ ಮಾಡಿದ್ದನ್ನು ಇಳಿಸುವರು. ಕೆಂಪು ಶಾಯಿಯ ಒಂದು ಗೀಟು, ಒಂದು ಸಹಿ, ಅಲ್ಲಿಗೆ ಮುಗಿಯಿತು. ಇಂತಹ ಅವಧಿಯೊಂದು ಒಬ್ಬ ಹುಡುಗನ ಅಂತಃಕರಣದಲ್ಲಿ 50 ವರ್ಷಗಳು ಕಳೆದರೂ ಮಾಯದ ಗುರುತನ್ನು ಉಳಿಸಬಲ್ಲುದೆಂದರೆ ಕೇಳುವವರಿಗೆ ಅತಿಶಯೋಕ್ತಿಯೆನಿಸೀತು. ಆದರೆ ನಡೆದದ್ದು ಹಾಗೆಯೇ.

ಆ ವಿದ್ಯಾರ್ಥಿ 1972ರ ಜೂನ್ ತಿಂಗಳಲ್ಲಿ, ಅಂದಿನ ಬಿಜಾಪುರ ಜಿಲ್ಲೆಯ ಹಳ್ಳಿಯೊಂದರಿಂದ, ಒಂದು ತಗಡಿನ ಪೆಟ್ಟಿಗೆ ಹಾಗೂ ಒಂದು ಕಂಬಳಿಯೊಡನೆ ಬಂದು 9ನೆಯ ಇಯತ್ತೆಗೆ ಸೇರಿದನು. ಅವನ ಹಳ್ಳಿ ಭೀಮಾ ನದಿಯ ಈಚೆಯ ದಡದಲ್ಲಿತ್ತು. ನದಿ ದಾಟಿದರೆ ಸೊಲ್ಲಾಪುರದ ಸೀಮೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಭಾಗದ ಗಂಡಸರು ಹೊಳೆ ದಾಟಿ ಸೊಲ್ಲಾಪುರದ ಬಟ್ಟೆ ಗಿರಣಿಗಳಿಗೆ ಕೂಲಿ ಅರಸಿ ಹೋಗುವುದು ತಲೆಮಾರುಗಳಿಂದ ನಡೆದು ಬಂದ ರೂಢಿ. 1972 ಅಂತಹ ವರ್ಷಗಳಲ್ಲಿಯೇ ಘೋರವಾದುದು. ಮುಂಗಾರು ಬರಲಿಲ್ಲ, ಹಿಂಗಾರಿಯ ಆಸೆಯೂ ಕ್ರಮೇಣ ಆರಿತು. ಊರೂರಿಗೆ ಬರಗಾಲದ ಕಾಮಗಾರಿಗಳು ತೆರೆದವು; ಎತ್ತು ಮಾರಿದ ಒಕ್ಕಲಿಗರು ರಸ್ತೆಯ ಬದಿಯಲ್ಲಿ ಕಲ್ಲೊಡೆಯಲು ಕುಳಿತರು. ಸುತ್ತಣ ಹಳ್ಳಿಗಳ ಜೋಳದಿಂದಲೇ ನಡೆಯುತ್ತಿದ್ದ ಪ್ರಸಾದ ನಿಲಯದಲ್ಲಿ ರೊಟ್ಟಿ ತೆಳುವಾಯಿತು, ಸಾರು ಅದಕ್ಕಿಂತಲೂ ತೆಳುವಾಯಿತು. ಆದರೂ ಊಟದ ಗಂಟೆ ಒಂದು ದಿನವೂ ತಪ್ಪಲಿಲ್ಲವೆಂಬುದನ್ನು ಅಂದಿನ ವಿದ್ಯಾರ್ಥಿಗಳು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಕನ್ನಡದ ಗುರುಗಳು ಮಿತಭಾಷಿಗಳು. ಮೊದಲ ಶನಿವಾರ ಅವರು ಯಾವ ವಿಷಯವನ್ನೂ ಕೊಡದೆ, ಮನಸ್ಸಿಗೆ ಬಂದುದನ್ನು ಬರೆಯಿರೆಂದರು. ಮನಸ್ಸಿಗೆ ಏನೂ ಬಾರದ ಹುಡುಗರು ಮಾರ್ಗದರ್ಶಿಯನ್ನೇ ಶರಣು ಹೊಕ್ಕರು. ಈ ವಿದ್ಯಾರ್ಥಿಯು ‘ಸಮುದ್ರ ತೀರದಲ್ಲಿ ಒಂದು ಸಂಜೆ’ ಎಂಬ ಪ್ರಬಂಧವನ್ನು ಒಂದಕ್ಷರವೂ ತಪ್ಪದಂತೆ ಬರೆದನು. ತೆರೆಗಳು ಮುತ್ತು ಚೆಲ್ಲಿದವು, ಪಡುವಣ ದಿಕ್ಕು ಕುಂಕುಮ ಧರಿಸಿತು, ಬೆಸ್ತರ ದೋಣಿಗಳು ಹಂಸಗಳಂತೆ ತೇಲಿದವು. ಗುರುಗಳು ಓದಿ, ತಪ್ಪು ಕಾಣದೆ, ಕೆಳಗೆ ಒಂದು ಸಾಲು ಬರೆದರು: ‘ಈ ಸಮುದ್ರದಲ್ಲಿ ಉಪ್ಪಿಲ್ಲ. ನೀನು ಕಂಡ ನೀರನ್ನು ಕುರಿತು ಬರೆ.’ ಹುಡುಗನಿಗೆ ಅವಮಾನವಾಯಿತು. ಕಂಡ ನೀರೆಂದರೆ ಭೀಮೆ, ಅದರ ಕೆಸರು, ದನಗಳು, ಒಗೆಯುವ ಹೆಂಗಸರು. ಅವುಗಳಲ್ಲಿ ಸಾಹಿತ್ಯವೆಲ್ಲಿಯದು?

ಆ ತರಗತಿಯಲ್ಲಿ ನಡೆಯುತ್ತಿದ್ದ ಚಟುವಟಿಕೆಗಳು ಪಠ್ಯಪುಸ್ತಕದ ಗಡಿಯನ್ನು ಆಗಾಗ ಮೀರುತ್ತಿದ್ದವು. ವಾರಕ್ಕೊಮ್ಮೆ ಗಮಕ ವಾಚನವಿರುತ್ತಿತ್ತು. ಭಾಮಿನಿ ಷಟ್ಪದಿಯ ಲಯ ಹುಡುಗರ ನಾಲಗೆಯ ಮೇಲೆ ಎಷ್ಟು ಕುಳಿತಿತ್ತೆಂದರೆ, ಭೋಜನಶಾಲೆಯಲ್ಲಿ ಮತ್ತೊಂದು ರೊಟ್ಟಿ ಕೇಳುವುದನ್ನೂ 3, 4ರ ಮಾತ್ರೆಗಳಲ್ಲಿ ಕೇಳುವವರಿದ್ದರು. ಇನ್ನೊಂದು ಆಟವೆಂದರೆ ಅಂಕಿತ ಪತ್ತೆ ಹಚ್ಚುವುದು. ಗುರುಗಳು ಒಂದು ವಚನವನ್ನು ಕೊನೆಯ ಅಂಕಿತವನ್ನು ಬಿಟ್ಟು ಓದುವರು. ಅದು ಯಾರದೆಂದು ಮಕ್ಕಳು ಹೇಳಬೇಕು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಇವೆಲ್ಲ ಬಾಯಿಪಾಠದಿಂದ ಬರುತ್ತಿದ್ದವು. ಅಂಕಿತ ತೆಗೆದ ಮೇಲೆ ಮಾತಿನ ಧಾಟಿಯಿಂದಲೇ ಗುರುತಿಸುವುದು ಬೇರೆ ವಿದ್ಯೆ. ಅಂಬಿಗರ ಚೌಡಯ್ಯನು ದೇವರ ಹೆಸರನ್ನಲ್ಲ, ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನೆಂದು ತಿಳಿದ ದಿನ ಹುಡುಗರಿಗೆ ಎಲ್ಲಿಲ್ಲದ ಸಂತೋಷವಾಯಿತು. ಇದೇ ಜಿಲ್ಲೆಯ ನೆಲದಲ್ಲಿ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಕಥೆಯನ್ನು ಗುರುಗಳು ಹೇಳುತ್ತಿದ್ದರು. ಚೆದುರಿದ ವಚನಗಳನ್ನು ಅವರವರಿಗೆ ಸೇರಿಸುವುದಕ್ಕೆ ಅಂಕಿತವೇ ದಾರವಾಯಿತು. ಹೆಸರು ಅಳಿದರೆ ಮಾತು ಅನಾಥವಾಗುತ್ತದೆ ಎಂದು ಅವರು ಅಂದದ್ದು ಇವನ ಟಿಪ್ಪಣಿ ವಹಿಯಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಬರೆದುಕೊಂಡದ್ದೆಲ್ಲ ತಿಳಿದುಕೊಂಡದ್ದಲ್ಲ.

ಜುಲೈ ತಿಂಗಳ ಕೊನೆಗೆ ಛಂದಸ್ಸಿನಲ್ಲಿ ತ್ರಿಪದಿ ಬಂದಿತು. ನಾಗವರ್ಮನ ‘ಛಂದೋಂಬುಧಿ’ಯ ಹೆಸರು ಹೇಳಿ, ಅಂಶಗಣಗಳನ್ನು ಗುರುಗಳು ಹಲಗೆಯ ಮೇಲೆ ಬಿಡಿಸಿದರು. ಬ್ರಹ್ಮಗಣಕ್ಕೆ 2 ಅಂಶ, ವಿಷ್ಣುಗಣಕ್ಕೆ 3, ರುದ್ರಗಣಕ್ಕೆ 4. ಮೊದಲನೆಯ ಅಂಶ ಒಂದು ಗುರುವಾಗಿರಬಹುದು, ಇಲ್ಲವೇ ಎರಡು ಲಘುಗಳಾಗಿರಬಹುದು. ಉಳಿದವು ಒಂದೊಂದು ಅಕ್ಷರ, ಗುರುವೋ ಲಘುವೋ. ತ್ರಿಪದಿಯಲ್ಲಿ ಒಟ್ಟು 11 ಗಣಗಳು: ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. 6ನೆಯದೂ 10ನೆಯದೂ ಬ್ರಹ್ಮಗಣ, ಮಿಕ್ಕವೆಲ್ಲ ವಿಷ್ಣುಗಣ. ಇಷ್ಟೇ ಇದರ ಕಟ್ಟಳೆ. ಇಷ್ಟರಲ್ಲಿಯೇ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ, ಅಂದರೆ ಹೆಚ್ಚುಕಡಿಮೆ 1,300 ವರ್ಷಗಳಿಂದ ಕನ್ನಡ ನುಡಿ ಕಾಲೂರಿ ನಿಂತಿದೆ. ‘ಸರ್ವಜ್ಞ’ ಎಂಬ ಹೆಸರನ್ನು ಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕಿದಾಗ ಗುರು, ಗುರು, ಲಘು. ಮೂರು ಅಂಶ, ವಿಷ್ಣುಗಣ. 11ನೆಯ ಸ್ಥಾನದಲ್ಲಿ ತಪ್ಪದೆ ಕೂಡುವ ಹೆಸರು. ಹೆಸರಿಗೂ ಪದ್ಯದಲ್ಲಿ ಅಳೆದು ಕೊಟ್ಟ ಜಾಗವಿದೆ ಎಂದು ತೋರಿಸಿ ಗುರುಗಳು ಸೀಮೆಸುಣ್ಣ ಕೆಳಗಿಟ್ಟರು.

ಮರುವಾರದ ಕೆಲಸ, ಪ್ರತಿಯೊಬ್ಬನೂ ಒಂದು ತ್ರಿಪದಿಯನ್ನು ಸ್ವಂತವಾಗಿ ರಚಿಸಿ ತರುವುದು. ಉತ್ತಮವಾದುದು ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಬರುವುದೆಂದು ಹೇಳಲಾಯಿತು. ದಪ್ಪ ಕಾಗದದ ಹಾಳೆಗಳ ಮೇಲೆ ಬ್ರಿಲ್ ಶಾಯಿಯಿಂದ ಮುತ್ತಿನಂತಹ ಅಕ್ಷರದಲ್ಲಿ ಬರೆದು, ಚಿತ್ರ ಬರೆದು, ದಾರ ಹೊಲಿದು ವಾಚನಾಲಯದ ಮೇಜಿನ ಮೇಲಿಡುತ್ತಿದ್ದ ಆ ಪತ್ರಿಕೆಯ ಒಂದೇ ಒಂದು ಪ್ರತಿಗೆ ಹುಡುಗರ ಲೋಕದಲ್ಲಿದ್ದ ಪ್ರತಿಷ್ಠೆಯನ್ನು ಇಂದಿನವರು ಊಹಿಸಲಾರರು.

ವಿದ್ಯಾರ್ಥಿಯು ಮೂರು ಸಂಜೆ ಕುಳಿತನು. ಬೆರಳು ಮಡಿಸಿ ಅಂಶ ಎಣಿಸಿದಷ್ಟೂ ಮಾತು ಕಲ್ಲಾಗುತ್ತಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ, ಅರೆನಿದ್ದೆಯಲ್ಲಿ, ಲಯವೊಂದು ತಾನಾಗಿಯೇ ಬಂದಿತು. ಅದು ಅವನ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದ. ಎಣಿಸಿ ನೋಡಿದನು, 11 ಗಣ. ಅಕ್ಷರ ಬಾರದ ತಾಯಿ ನಾಗವರ್ಮನ ಕಟ್ಟಳೆಯನ್ನು ಎಲ್ಲಿಯೂ ಮೀರಿರಲಿಲ್ಲ. ಇದನ್ನು ಕಂಡು ಅವನಿಗೆ ಆಶ್ಚರ್ಯವಾಗಬೇಕಿತ್ತು; ಆದದ್ದು ದುರಾಸೆ.

ಆ ಪದದ ಅಭಿಪ್ರಾಯ ಸರಳವಾದುದು. ಹೆಣ್ಣುಮಗಳೊಬ್ಬಳು ಹೊಳೆಯನ್ನು ತಾಯಿಯೆಂದು ಕರೆದು, ಸೆರಗೊಡ್ಡಿ, ಇದೊಂದು ದಿನ ಮೊಣಕಾಲುದ್ದಕ್ಕೆ ಇಳಿದು ಹರಿಯೆಂದು ಬೇಡುತ್ತಾಳೆ. ಆಚೆ ದಡದಲ್ಲಿ ಅವಳ ಅಣ್ಣ ನಿಂತಿದ್ದಾನೆ. ಅಣ್ಣನ ಹೆಸರು ಎರಡನೆಯ ಸಾಲಿನಲ್ಲಿ ಬರುತ್ತದೆ. ಅದು ವಿದ್ಯಾರ್ಥಿಯ ಸೋದರಮಾವನ ಕರೆಹೆಸರು; ಮೊದಲಕ್ಷರ ಗುರುವಾದ, ಎರಡೇ ಅಕ್ಷರದ, ಹಳ್ಳಿಯ ಹೆಸರು. ಆ ಮಾವ ಸೊಲ್ಲಾಪುರದ ಗಿರಣಿಗೆ ಹೋದವನು ಅಲ್ಲಿಯೇ ಜ್ವರದಿಂದ ತೀರಿಕೊಂಡಿದ್ದನು. ಹೊಳೆ ತುಂಬಿದ್ದ ದಿನಗಳಾದುದರಿಂದ ಸುದ್ದಿ ತಡವಾಗಿ ಬಂದು, ತಂಗಿಗೆ ಅಣ್ಣನ ಮುಖ ಸಿಕ್ಕಿರಲಿಲ್ಲ. ಇದೆಲ್ಲ ಹುಡುಗನಿಗೆ ತಿಳಿದಿತ್ತು. ಆದರೆ ಅಂತಹ ಹಳ್ಳಿಯ ಹೆಸರನ್ನು ಪದ್ಯದಲ್ಲಿ ಉಳಿಸಿದರೆ ಅದು ಅಡಿಗೆಮನೆಯ ಹಾಡೆಂದು ಯಾರಿಗಾದರೂ ಹೊಳೆದೀತು. ಮೇಲಾಗಿ ಅವನ ಕಣ್ಣಿಗೆ ಅದು ಸಾಹಿತ್ಯವಾಗಿಯೂ ಕಾಣಲಿಲ್ಲ. ಮಾವನ ಹೆಸರನ್ನು ತೆಗೆದು ಅಲ್ಲಿ ‘ಚಂದಿರ’ ಎಂದು ಹಾಕಿದನು. ಈಗ ಪದ್ಯ ಬೆಳದಿಂಗಳ ಪದ್ಯವಾಯಿತು: ಹೊಳೆ ತಗ್ಗಬೇಕು, ಚಂದ್ರ ದಾಟಿ ಬರಬೇಕು. ಕೆಳಗೆ ತನ್ನ ಹೆಸರನ್ನು, ತಂದೆಯ ಹೆಸರನ್ನು, ಮನೆತನದ ಹೆಸರನ್ನು ಪೂರ್ಣವಾಗಿ ಬರೆದನು.

ಶನಿವಾರ ಗುರುಗಳು ಅದನ್ನು ಎರಡು ಬಾರಿ ಓದಿದರು. ತರಗತಿಗೂ ಓದಿ ಹೇಳಿದರು. ಹುಡುಗರು ಮೌನವಾದರು, ತಮ್ಮ ಪದ್ಯಗಳಿಗೂ ಇದಕ್ಕೂ ಇರುವ ಅಂತರ ಅವರಿಗೂ ತಿಳಿಯಿತು. ಬಳಿಕ ಗುರುಗಳು ಅದನ್ನು ಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕತೊಡಗಿದರು. ಐದು ಗಣಗಳು ಸುಸೂತ್ರವಾಗಿ ನಡೆದವು. 6ನೆಯದರಲ್ಲಿ ಅವರ ಕೈ ನಿಂತಿತು. ‘ಚಂದಿರ’: ಒಂದು ಗುರು, ಎರಡು ಲಘು, ಮೂರು ಅಂಶ. ಬ್ರಹ್ಮಗಣ ಇರಬೇಕಾದಲ್ಲಿ ವಿಷ್ಣುಗಣ. ಮಿಕ್ಕ ಐದೂ ಮತ್ತೆ ಸರಿಯಾಗಿದ್ದವು.

‘ಹತ್ತು ಗಣಗಳನ್ನು ಇಷ್ಟು ಹದವಾಗಿ ಇಟ್ಟವನು ಒಂದರಲ್ಲಿ ಎಡವಲಾರ’ ಎಂದು ಅವರು ಮೆಲ್ಲಗೆ ಅಂದರು. ‘ಇಲ್ಲಿ ಮೊದಲು ಬೇರೆ ಶಬ್ದವಿತ್ತೇ? ಸಣ್ಣದೊಂದು ಶಬ್ದ?’

ಹುಡುಗನು ಇಲ್ಲವೆಂದನು.

ಆ ವಿದ್ಯಾರ್ಥಿಯನ್ನು ಇಂದು ಕೇಳಿದರೆ, ತಾಯಿಯ ಹಾಡಿಗೆ ತನ್ನ ಹೆಸರು ಬರೆದುದಕ್ಕಿಂತ ಈ ‘ಇಲ್ಲ’ ಎಂಬ ಮಾತೇ ತನಗೆ ಭಾರವಾಗಿ ಉಳಿದಿದೆ ಎನ್ನುತ್ತಾನೆ. ಬರೆದದ್ದರಲ್ಲಿ ಒಂದಿಷ್ಟು ಅಜ್ಞಾನವಿತ್ತು. ಹೇಳಿದ್ದರಲ್ಲಿ ಅದು ಇರಲಿಲ್ಲ. ಮಾವ ಇದ್ದನೇ ಎಂದು ಕೇಳಿದವರಿಗೆ ಇಲ್ಲವೆಂದು ಹೇಳಿದಂತಾಗಿತ್ತು.

ಗುರುಗಳು ಮುಂದೆ ಕೆದಕಲಿಲ್ಲ. ಸಾಧ್ಯವಾದರೆ ತಿದ್ದಿ ಕೊಡು ಎಂದಷ್ಟೇ ಹೇಳಿದರು. ಅವನು ‘ಚಂದ್ರ’ ಎಂದು ಮಾಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಎರಡು ಅಂಶ ಸಿಗುತ್ತಿತ್ತು, ತಪ್ಪು ಎಂದೆಂದಿಗೂ ಮುಚ್ಚಿಹೋಗುತ್ತಿತ್ತು. ಅದೇಕೋ ಅವನಿಗೆ ಆ ಪದ್ಯವನ್ನು ಮತ್ತೆ ಮುಟ್ಟುವ ಧೈರ್ಯವಾಗಲಿಲ್ಲ. ಸಂಪಾದಕ ಮಂಡಳಿಯ ಹುಡುಗರು ಕುಂಟುತ್ತಿದ್ದುದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಸೆಪ್ಟೆಂಬರ್ ಸಂಚಿಕೆಯ ನಡುವಿನ ಪುಟದಲ್ಲಿ ಬರೆದರು. ಚಿತ್ರಕಲೆಯಲ್ಲಿ ಕೈ ಪಳಗಿದ ಹುಡುಗನೊಬ್ಬ ಮೇಲೆ ದುಂಡನೆಯ ಚಂದ್ರನನ್ನೂ ಕೆಳಗೆ ನೀಲಿ ಹೊಳೆಯನ್ನೂ ಬರೆದನು. ಪ್ರಸಾದ ನಿಲಯದಲ್ಲಿ ಎರಡು ವಾರ ಅವನನ್ನು ಕವಿಯೆಂದು ಕರೆದರು. ಕರೆದಾಗಲೆಲ್ಲ ಅವನು ತಲೆ ಎತ್ತುತ್ತಿದ್ದನೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ದಸರೆಯ ಸೂಟಿಗೆ ಮುನ್ನ ಗುರುಗಳು ಒಂದು ಕೆಲಸ ಹಚ್ಚಿದರು. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಅಚ್ಚಾದುದನ್ನು ಅವರು ವಿವರಿಸಿದರು. ವಾಚನಾಲಯಕ್ಕೆ ದಾನಿಗಳೊಬ್ಬರು ಕೊಟ್ಟಿದ್ದ ಕಪಾಟಿನಿಂದ ಆ ಪುಸ್ತಕವನ್ನು ತೆಗೆದು ಕೈಯಿಂದ ಕೈಗೆ ದಾಟಿಸಿದರು. ಪ್ರತಿಯೊಬ್ಬನೂ ತನ್ನ ಮನೆಯಿಂದ ಐದು ಹಾಡುಗಳನ್ನು ಬರೆದು ತರಬೇಕು. ಅದಕ್ಕೊಂದು ನಿಯಮ: ಪ್ರತಿ ಹಾಡಿನ ಕೆಳಗೆ ಹಾಡಿದವರ ಹೆಸರು, ಅವರ ಊರು, ಯಾವ ಕೆಲಸ ಮಾಡುತ್ತ ಹಾಡುವರು ಎಂಬುದು, ಯಾರಿಂದ ಕಲಿತರು ಎಂಬುದು ಇರಬೇಕು. ಒಂದು ಶಬ್ದವನ್ನೂ ಚಂದಗಾಣಿಸಬಾರದು. ಇದನ್ನು ಹೇಳುವಾಗ ಗುರುಗಳು ಈ ವಿದ್ಯಾರ್ಥಿಯ ಕಡೆಗೆ ನೋಡಲಿಲ್ಲ. ನೋಡದೆ ಇದ್ದುದೇ ಅವನಿಗೆ ಸಾಕಾಯಿತು.

ಊರು ಅವನು ಬಿಟ್ಟುಹೋದಂತಿರಲಿಲ್ಲ. ತಂದೆ ಕತ್ತಲಿರುವಾಗಲೇ ಎದ್ದು ಕಾಮಗಾರಿಗೆ ಹೋಗುತ್ತಿದ್ದನು. ಗೋದಲಿ ಬರಿದಾಗಿತ್ತು. ತಾಯಿಯನ್ನು ಹಾಡು ಹೇಳೆಂದು ಕೇಳಿದಾಗ ಅವಳು ನಕ್ಕಳು. ‘ಸುಮ್ಮ ಕುಂತು ಹಾಡು ಹೇಳೂದು ಹ್ಯಾಂಗೋ? ಕೈ ಆಡಿದ್ರ ಬಾಯಿ ಆಡತೈತಿ.’ ನಿಜವಾಗಿಯೂ ಅವಳಿಗೆ ಹೇಳಲು ಬರಲಿಲ್ಲ. ಎರಡು ಶಬ್ದ ಬರುವವು, ಮೂರನೆಯದು ಮರೆಯುವುದು. ಬರಿಗಲ್ಲು ಬೀಸಿದರೆ ಮನೆಗೆ ಒಳ್ಳೆಯದಲ್ಲವೆಂದು, ಅಳೆದಿಟ್ಟಿದ್ದ ಜೋಳದಲ್ಲಿ ಒಂದು ಹಿಡಿ ತಂದು ಕಲ್ಲಿಗೆ ಹಾಕಿ ಗೂಟ ಹಿಡಿದಳು. ಆ ವರ್ಷದ ಒಂದು ಹಿಡಿ ಜೋಳದ ಬೆಲೆ ಗೊತ್ತಿದ್ದವರಿಗೆ ಮಾತ್ರ ಆ ಹಾಡುಗಳ ಬೆಲೆ ತಿಳಿದೀತು. ಕಲ್ಲು ತಿರುಗಿದೊಡನೆ ಹಾಡು ಒಂದಾದ ಮೇಲೊಂದು ಬಂದವು. ಎರಡನೆಯ ಸಾಲಿನ ಒಂದು ಭಾಗವನ್ನು ಅವಳು ಮರಳಿ ಹಾಡಿಕೊಳ್ಳುವಳು; ಅಷ್ಟರೊಳಗೆ ಮಗನ ಪೆನ್ಸಿಲು ಮೂರನೆಯ ಸಾಲಿಗೆ ಸಿದ್ಧವಾಗುವುದು. ಬರೆದುಕೊಳ್ಳುವವನಿಗೆ ಅನುಕೂಲವಾಗಲೆಂದೇ ಯಾರೋ ಈ ಪದ್ಧತಿ ಮಾಡಿಟ್ಟಂತಿತ್ತು.

ನಾಲ್ಕು ಹಾಡಾದವು. ಐದನೆಯದಾಗಿ ಹೊಳೆಯ ಹಾಡು ಬಂದಿತು. ಅದನ್ನು ಅವನು ಬರೆದುಕೊಳ್ಳದೆ ಕುಳಿತನು. ಬಳಿಕ ಏನನ್ನಿಸಿತೋ, ಟಿಪ್ಪಣಿ ವಹಿಯ ಹಿಂದಿನ ಪುಟ ತೆಗೆದು, ಪತ್ರಿಕೆಯಲ್ಲಿ ಬಂದುದನ್ನು ತಾಯಿಗೆ ಓದಿ ಹೇಳಿದನು. ಮೆಚ್ಚಿಕೊಳ್ಳುವಳೆಂಬ ಆಸೆಯೂ, ಬಯ್ಯುವಳೆಂಬ ಭಯವೂ ಕೂಡಿಯೇ ಇದ್ದವು. ಅವಳು ಕಲ್ಲು ನಿಲ್ಲಿಸಿ ಕೇಳಿದಳು.

‘ಇದರಾಗ ನಮ್ಮಣ್ಣ ಎಲ್ಲಿ ಹೋದ?’ ಅಂದಳು.

ಕಳವಿನ ವಿಚಾರ ಅವಳ ಮನಸ್ಸಿಗೆ ಬರಲೇ ಇಲ್ಲ. ಹಾಡು ತನ್ನದೆಂದು ಅವಳು ಎಂದೂ ತಿಳಿದಿರಲಿಲ್ಲ. ‘ಹಾಡೇನ ನಂದಲ್ಲ. ನಮ್ಮ ಅತ್ತಿ ಹಾಡತಿದ್ದಳು. ಅಕೀ ಹಾಡಿನ್ಯಾಗ ಅಕೀ ಅಣ್ಣ ಇದ್ದ. ಅಕಿಗಿ ಯಾರ ಕಲಿಸಿದ್ರೋ ಯಾರಿಗಿ ಗೊತ್ತು. ನಾ ನಮ್ಮಣ್ಣನ್ನ ಹಾಕೀನಿ, ಅಷ್ಟ.’ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಂದಳು: ‘ಈ ವರ್ಸ ಹೊಳ್ಯಾಗ ನೀರ ಎಲ್ಲಿ ಅದಾವು? ಅಂವ ಇದ್ದಿದ್ರ ನಡಕೋತ ಬರತಿದ್ದ.’

ಅಂದು ರಾತ್ರಿ ವಿದ್ಯಾರ್ಥಿಯು ಲೆಕ್ಕ ಹಾಕಿದನು. 11 ಗಣಗಳಲ್ಲಿ 10 ಅತ್ತೆಯವು, ಅವಳ ಹಿಂದಿನವರವು, ಹೆಸರು ಗೊತ್ತಿಲ್ಲದ ಎಷ್ಟೋ ತಲೆಮಾರುಗಳವು. ತಾಯಿಯದೆಂದು ಹೇಳಬಹುದಾದುದು ಒಂದೇ ಒಂದು ಗಣ, ಎರಡು ಅಂಶ. ಉಳಿದ ಹತ್ತನ್ನು ಹಾಗೆಯೇ ಇಟ್ಟುಕೊಂಡು, ಅವಳದಾದ ಆ ಒಂದನ್ನೇ ಅವನು ಅಳಿಸಿಹಾಕಿದ್ದನು. ಬೇರೆ ಯಾವ ಶಬ್ದವನ್ನು ಬದಲಾಯಿಸಿದ್ದರೂ ಅದು ಅವಳಿಗೆ ನೋವಾಗುತ್ತಿರಲಿಲ್ಲವೇನೋ. ಹಲಗೆಯ ಮೇಲೆ ಗುರುಗಳ ಕೈ ನಿಂತದ್ದು ಎಲ್ಲಿ ಎಂಬುದು ಅವನಿಗೆ ಆಗ ತಿಳಿಯಿತು. ಛಂದಶ್ಶಾಸ್ತ್ರವೆಂದರೆ ಪರೀಕ್ಷೆಯಲ್ಲಿ ಅಂಕ ಗಳಿಸುವ ಸುಲಭ ಸಾಧನವೆಂದು ಇಂದಿಗೂ ಎಷ್ಟೋ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ತೀರಿಹೋದ ಒಬ್ಬ ಗಿರಣಿ ಕೂಲಿಕಾರ ಪದ್ಯದ ಯಾವ ಸ್ಥಾನದಲ್ಲಿದ್ದನೆಂದು ಅದು ತೋರಿಸಿಕೊಡಬಲ್ಲುದೆಂದು ಯಾರೂ ಹೇಳುವುದಿಲ್ಲ.

ಸೂಟಿ ಮುಗಿದು ಬಂದ ಮೇಲೆ ಬೇರೆ ಐದು ಹಾಡುಗಳನ್ನು ಕೊಟ್ಟು ಸುಮ್ಮನಾಗಿಬಿಡುವ ಮಾರ್ಗ ಅವನಿಗೆ ತೆರೆದೇ ಇತ್ತು. ಅಂತಹ ವಿಚಾರ ಬಂದುದನ್ನು ಅವನು ಮರೆಮಾಚುವುದಿಲ್ಲ. ಬಸ್ಸಿನಲ್ಲಿ ಬರುವಾಗ ಆರನೆಯದೊಂದು ಹಾಡನ್ನು ನೆನೆದುಕೊಂಡೂ ಇದ್ದನು. ಕೊನೆಗೆ ಹೊಳೆಯ ಹಾಡನ್ನೇ ಬರೆದು, ಕೆಳಗೆ ತಾಯಿಯ ಹೆಸರು, ಊರು, ‘ಜೋಳ ಬೀಸುವಾಗ’, ‘ಅತ್ತೆಯಿಂದ ಕಲಿತದ್ದು’, ‘ಅಣ್ಣನ ಹೆಸರು ತಾವು ಸೇರಿಸಿದ್ದು’ ಎಂದು ನಿಯಮದಂತೆ ಬರೆದು ಗುರುಗಳ ಮೇಜಿನ ಮೇಲಿಟ್ಟನು.

ಗುರುಗಳು ಓದಿದರು. ಕಪಾಟಿನಿಂದ ಸೆಪ್ಟೆಂಬರ್ ಸಂಚಿಕೆಯನ್ನು ತೆಗೆಸಿ, ಎರಡನ್ನೂ ಪಕ್ಕದಲ್ಲಿಟ್ಟು ಮತ್ತೆ ಓದಿದರು. ‘ನಾನು ಕೇಳಿದಾಗ ಇಲ್ಲವೆಂದೆಯಲ್ಲ’ ಎಂದರು. ಅಷ್ಟೇ. ಹುಡುಗನು ಹಳೆಯ ಸಂಚಿಕೆಯ ಆ ಪುಟವನ್ನು ಹರಿದುಬಿಡಲು ಅಪ್ಪಣೆ ಬೇಡಿದನು. ಅವರು ಒಪ್ಪಲಿಲ್ಲ. ಬರೆದದ್ದು ಇರಲಿ, ಮುಂದಿನದರಲ್ಲಿ ತಿದ್ದು ಎಂದರು. ಹಾಗೆ ನವೆಂಬರ್ ಸಂಚಿಕೆಯ ಕೊನೆಯ ಪುಟದಲ್ಲಿ, ಅವನದೇ ಕೈಬರಹದಲ್ಲಿ, ನಾಲ್ಕು ಸಾಲಿನ ತಿದ್ದುಪಡಿ ಬಂದಿತು. ಹುಡುಗರು ಹುಡುಗರೇ. ಕೆಲವರು ನಕ್ಕರು; ‘ನಿಮ್ಮವ್ವ ಕವಿಯಿತ್ರಿಯೋ’ ಎಂದು ಕೇಳಿದರು. ಕವಿಯೆಂದು ಕರೆಯುವುದು ನಿಂತುಹೋಯಿತು. ಎರಡು ವಾರ ಇದ್ದ ಕೀರ್ತಿ ಹೋದುದಕ್ಕೆ ಅವನಿಗೆ ದುಃಖವೇನೂ ಆಗಲಿಲ್ಲವೆಂದರೆ ಅದೂ ಸುಳ್ಳಾಗುತ್ತದೆ.

ಆದರೆ ಆ ಸಂಗ್ರಹದಿಂದ ಒಂದು ಅನಿರೀಕ್ಷಿತ ಫಲ ದೊರೆಯಿತು. ಹುಡುಗರು ತಂದ ಹಾಡುಗಳನ್ನು ಗುರುಗಳು ವಿಂಗಡಿಸಿದಾಗ, ಅದೇ ಹೊಳೆಯ ಹಾಡು ಇನ್ನೂ ಮೂವರ ವಹಿಗಳಲ್ಲಿ ಸಿಕ್ಕಿತು. ಮೂರು ಬೇರೆ ಊರುಗಳು, ಮೂರು ಬೇರೆ ತಾಯಂದಿರು. ಒಬ್ಬಳು ಹುಡುಗನ ತಾಯಿಯಲ್ಲ, ನೆರೆಮನೆಯ ಮುಸಲ್ಮಾನ ಹೆಣ್ಣುಮಗಳು. ಗುರುಗಳು ನಾಲ್ಕನ್ನೂ ಒಂದರ ಕೆಳಗೊಂದು ಹಲಗೆಯ ಮೇಲೆ ಬರೆದರು. ಎಲ್ಲದರಲ್ಲಿಯೂ 6ನೆಯ ಸ್ಥಾನದಲ್ಲಿ ಒಬ್ಬ ಅಣ್ಣನಿದ್ದನು; ನಾಲ್ವರ ಹೆಸರೂ ಬೇರೆ ಬೇರೆ. ಹೆಸರು ಬದಲಾದರೂ ಅಳತೆ ಬದಲಾಗಿರಲಿಲ್ಲ. ನಾಲ್ಕು ಅಕ್ಷರದ ಉದ್ದನೆಯ ಹೆಸರೊಂದನ್ನು ತಂಗಿ ಪ್ರೀತಿಯಿಂದ ಕತ್ತರಿಸಿ ಎರಡು ಅಂಶಕ್ಕೆ ಇಳಿಸಿದ್ದಳು. ಹಾಡುವವರು ಎಳೆದು ಕುಗ್ಗಿಸಿ ಲಯ ಕೂಡಿಸಿಕೊಳ್ಳಬಲ್ಲರು, ಎಲ್ಲ ಹಾಡುಗಳೂ ಕಟ್ಟಳೆಗೆ ಕೂದಲೆಳೆಯಷ್ಟೂ ತಪ್ಪದೆ ನಿಲ್ಲುವುದಿಲ್ಲ ಎಂಬ ಎಚ್ಚರಿಕೆಯನ್ನೂ ಗುರುಗಳು ಕೊಟ್ಟರು. ಆದರೂ ಆ ದಿನ ತರಗತಿಯಲ್ಲಿ ಯಾರೂ ನಗಲಿಲ್ಲ. ‘ಗರತಿಯ ಹಾಡು’ ಎಂಬ ಪುಸ್ತಕದ ಹೆಸರಿನಲ್ಲಿ ಇರುವ ಆ ‘ಗರತಿ’ ಒಬ್ಬಳಲ್ಲವೆಂಬುದು ಹುಡುಗರಿಗೆ ಕಣ್ಣಾರೆ ಕಂಡಿತು.

ಮರುವರ್ಷ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಪತ್ರಿಕೆಯ ವಿಶೇಷ ಸಂಚಿಕೆ ಸಿದ್ಧವಾಯಿತು. ಹೆಸರಿನ ಮಹಿಮೆಯನ್ನು ಕೊಂಡಾಡುವ ಪದ್ಯಗಳು ರಾಶಿ ರಾಶಿಯಾಗಿ ಬಂದವು. ಈ ವಿದ್ಯಾರ್ಥಿಯು ಪದ್ಯ ಬರೆಯಲಿಲ್ಲ. ಪ್ರತಿಯೊಂದು ಬರಹದ ಕೆಳಗೂ ಬರೆದವನ ಹೆಸರು ಸರಿಯಾಗಿದೆಯೇ ಎಂದು ನೋಡುವ ಕೆಲಸವನ್ನು ತಾನೇ ಕೇಳಿ ಪಡೆದುಕೊಂಡನು.

ಅವನು ಮುಂದೆ ಸಾಹಿತಿಯಾಗಲಿಲ್ಲ. ಕಂದಾಯ ಇಲಾಖೆಯಲ್ಲಿ ಗ್ರಾಮ ಲೆಕ್ಕಿಗನಾಗಿ ಸೇರಿ, ಪಹಣಿ ಪತ್ರಿಕೆಗಳಲ್ಲಿ ಹೊಲದ ಒಡೆಯರ ಹೆಸರುಗಳನ್ನು ಬರೆಯುತ್ತ ಆಯುಷ್ಯ ಕಳೆದು, ನಿವೃತ್ತನಾಗಿ, ಈಗ 65 ದಾಟಿದ ಮುದುಕ. ವಾರಸಾ ನೋಂದಣಿಯ ಹೊತ್ತಿಗೆ ಮನೆಯ ಹೆಣ್ಣುಮಕ್ಕಳ ಹೆಸರನ್ನು ಬಿಡಿಸಲು ಬಂದವರೊಡನೆ ಅವನು ಪಟ್ಟು ಹಿಡಿದು ವಾದಿಸುತ್ತಿದ್ದನೆಂದೂ, ಅದರಿಂದ ಕೆಲವರ ವಿರೋಧವನ್ನು ಕಟ್ಟಿಕೊಂಡನೆಂದೂ ಬಲ್ಲವರು ಹೇಳುತ್ತಾರೆ. ಅದಕ್ಕೂ ಆ ರಚನೆಯ ಅವಧಿಗೂ ಸಂಬಂಧವಿದೆಯೇ ಎಂದು ಕೇಳಿದರೆ ಅವನು ಉತ್ತರ ಕೊಡುವುದಿಲ್ಲ.

ನೌಕರಿ ಸಿಕ್ಕ ಮೊದಲ ವರ್ಷಗಳಲ್ಲಿ ಅವನ ಹಳ್ಳಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುವ ಕಲ್ಲುಗಳಿಗೆ ಕೆಲಸ ತಪ್ಪಿತು. ಅದರೊಡನೆ ಹಾಡುಗಳಿಗೂ ಕೆಲಸ ತಪ್ಪಿತು. ಕೈ ಆಡದಲ್ಲಿ ಬಾಯಿ ಆಡುವುದೆಂತು? ಹಬ್ಬಕ್ಕೆ ಬೇಕಾದ ಒಂದಿಷ್ಟನ್ನು ಮಾತ್ರ ತಾಯಿ ಮನೆಯಲ್ಲಿಯೇ ಬೀಸುತ್ತಿದ್ದಳು. ಅಂತಹ ಒಂದು ಹಬ್ಬದ ಮುನ್ನಾದಿನ ರಾತ್ರಿಯ ಬಸ್ಸಿಗೆ ಹೊರಟು, ಬೆಳಕು ಹರಿಯುವ ಮೊದಲೇ ಅವನು ಊರು ತಲುಪಿದನು. ಒಳಗಿನಿಂದ ಕಲ್ಲಿನ ಸದ್ದು ಕೇಳುತ್ತಿತ್ತು. ಹೊಳೆಯ ಹಾಡು ನಡೆದಿತ್ತು. 6ನೆಯ ಗಣದಲ್ಲಿ ಮಾವ ಎಂದಿನಂತೆ ಆಚೆ ದಡದಲ್ಲಿ ನಿಂತಿದ್ದನು. ಹಾಡು ಮುಗಿಯಿತು, ಕಲ್ಲು ನಿಲ್ಲಲಿಲ್ಲ. ತಾಯಿ ಅದೇ ಹಾಡನ್ನು ಮೊದಲಿನಿಂದ ಮತ್ತೊಮ್ಮೆ ತೆಗೆದುಕೊಂಡಳು. ಈ ಸಲ ಆ ಸ್ಥಾನದಲ್ಲಿ ಬಂದದ್ದು ಮಗನ ಹೆಸರು. ಶಾಲೆಯ ದಾಖಲೆಯಲ್ಲಿ ಅದು ಐದು ಅಕ್ಷರದ ಹೆಸರು. ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ ಮೊಟಕುಮಾಡಿ, ಎರಡು ಅಂಶಕ್ಕೆ ಸರಿಯಾಗಿ ಇಟ್ಟಿದ್ದಳು.

ಅವನು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಕುಳಿತನು. ಹಿಟ್ಟು ಮುಗಿಯುವವರೆಗೆ ಬಾಗಿಲು ತಟ್ಟಲಿಲ್ಲ.